ಶಾಲೆಯ ಅಂಗಳದಲ್ಲಿ ಪ್ರಾರ್ಥನೆ: ನಮ್ಮ ಮಕ್ಕಳು ಏನು ಮಾಡಬೇಕು?

ಸಂಪಾದಕೀಯ



ಜೂನ್ ತಿಂಗಳು ಬಂದರೆ ಶಾಲೆಯ ಗಂಟೆ ಬಾರಿಸುತ್ತದೆ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಮೊದಲು ಪ್ರಾರ್ಥನೆ, ಆಮೇಲೆ ಪ್ರತಿಜ್ಞೆ, ಕೊನೆಗೆ ರಾಷ್ಟ್ರಗೀತೆ. ಹತ್ತು ಹದಿನೈದು ನಿಮಿಷಗಳ ಈ ಕಾರ್ಯಕ್ರಮದ ವಿಷಯವಾಗಿ ಕೂಲಿ ಮಾಡುವ ತಂದೆತಾಯಿಗಳು ಹೆಚ್ಚು ಯೋಚಿಸುವುದಿಲ್ಲ. ಆ ಹೊತ್ತಿಗೆ ಅವರು ಹಾಜರಿ ಕೊಟ್ಟು ಕೆಲಸಕ್ಕೆ ಇಳಿದಿರುತ್ತಾರೆ. ಆದರೆ ಸಂಜೆ ಮಗು ಮನೆಗೆ ಬಂದು, "ಅಮ್ಮಾ, ಎಲ್ಲರೂ ಕೈಮುಗಿದು ಶ್ಲೋಕ ಹೇಳುತ್ತಾರೆ, ನಾನೂ ಹೇಳಬೇಕೇ? ಹೇಳದಿದ್ದರೆ ಮೇಷ್ಟ್ರು ಬಯ್ಯುತ್ತಾರೆಯೇ?" ಎಂದು ಕೇಳಿದಾಗ ಉತ್ತರ ಹೇಳಬೇಕಾದವರು ನಾವೇ. ಆ ಉತ್ತರವನ್ನು ಹೆದರಿಕೆಯಿಂದಲೂ ಹೇಳಬಾರದು, ಹಟದಿಂದಲೂ ಹೇಳಬಾರದು, ತಿಳಿದು ಹೇಳಬೇಕು. ಆದಕಾರಣ ಈ ಸಲ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಕುಟುಂಬಗಳಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಪಾಲಮೂರಿನ ಕೂಲಿ ಎಂದರೆ ದೇಶದ ಮೂಲೆಮೂಲೆಯ ಅಣೆಕಟ್ಟು, ಕಾಲುವೆ, ಕಟ್ಟಡಗಳಿಗೆ ಗೊತ್ತು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮಕ್ಕಳನ್ನು ಕಟ್ಟಿಕೊಂಡು ಕೆಲಸ ಸಿಕ್ಕಿದಲ್ಲಿಗೆ ಹೋಗುವವರು ಈ ಸೀಮೆಯವರು. ಮಗು ಒಂದು ವರ್ಷ ತೆಲುಗು ಶಾಲೆಯಲ್ಲಿ, ಮರುವರ್ಷ ಕನ್ನಡ ಶಾಲೆಯಲ್ಲಿ, ಮತ್ತೊಂದು ವರ್ಷ ತೋಟದ ಲೈನಿನ ಹತ್ತಿರದ ಶಾಲೆಯಲ್ಲಿ ಕೂತಿರುತ್ತದೆ. ಒಂದೊಂದು ಶಾಲೆಯಲ್ಲಿ ಒಂದೊಂದು ಪ್ರಾರ್ಥನೆ. ಭಾಷೆ ಬೇರೆ, ಹಾಡು ಬೇರೆ, ಮೇಷ್ಟ್ರು ಬೇರೆ. ದೊಡ್ಡವರ ಲೋಕದಲ್ಲಿ ನಡೆಯುವ ಜಗಳದ ಬಿಸಿ ಮೊದಲು ತಾಗುವುದು ಇಂಥ ಹೊಸ ಮಗುವಿಗೇ.

ಈ ಸೀಮೆಯ ಚರಿತ್ರೆಯೂ ಹಾಗೆಯೇ ಇದೆ. ಗದ್ವಾಲ, ಆಲಂಪುರ ತಾಲ್ಲೂಕುಗಳು ೧೯೫೬ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವು. ಆ ವರ್ಷದ ನವೆಂಬರ್ ೧ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಅವು ಆಂಧ್ರಪ್ರದೇಶಕ್ಕೆ ಹೋದವು. ೨೦೧೪ರಲ್ಲಿ ತೆಲಂಗಾಣ ರಾಜ್ಯವಾಯಿತು. ೨೦೧೬ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ ೨೦೧೯ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ಆದವು. ಮಕ್ತಲ್ ನಾರಾಯಣಪೇಟೆ ಜಿಲ್ಲೆಗೆ ಸೇರಿತು. ಗಡಿಗೆರೆ ಎಷ್ಟು ಸಲ ಸರಿದರೂ ಕೃಷ್ಣಾ ನದಿಯ ಎರಡು ದಡದ ಜನ ಕನ್ನಡ, ತೆಲುಗು, ಉರ್ದು ಮೂರನ್ನೂ ಆಡುತ್ತಲೇ ಇದ್ದಾರೆ. ಮೊಹರಂ ಬಂದರೆ ಪೀರುಗಳ ಮುಂದೆ ಹಿಂದೂಗಳು ಹೆಜ್ಜೆ ಹಾಕುತ್ತಾರೆ. ಹೀಗೆ ಬೆರೆತು ಬಾಳುವುದನ್ನು ಕಲಿತ ನೆಲ ಇದು. ಆದರೂ ಶಾಲೆಯಲ್ಲಿ ಪ್ರಾರ್ಥನೆಯ ವಿಷಯವಾಗಿ ದೊಡ್ಡ ಹೋರಾಟವನ್ನೂ ಈ ನೆಲ ಕಂಡಿದೆ. ಅದನ್ನು ನಾವು ಮರೆಯಬಾರದು.

ಅದು ೧೯೩೮ನೆಯ ಇಸವಿ. ನಿಜಾಮರ ಆಳ್ವಿಕೆಯ ಕಾಲ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಲಯಗಳಲ್ಲಿ ಹಿಂದೂ ಹುಡುಗರು ತಮ್ಮ ಪ್ರಾರ್ಥನೆಯ ಕೋಣೆಯಲ್ಲಿ ವಂದೇ ಮಾತರಂ ಹಾಡುತ್ತಿದ್ದರು. ಅಧಿಕಾರಿಗಳು ಅದನ್ನು ನಿಷೇಧಿಸಿದರು. ಹಾಡು ರಾಜಕೀಯದ್ದು, ಇತರರ ಮನಸ್ಸಿಗೆ ನೋವಾಗುತ್ತದೆ ಎಂಬುದು ಅವರ ವಾದ. ಹುಡುಗರು ಒಪ್ಪಲಿಲ್ಲ. ಮುಷ್ಕರ ಹೂಡಿದರು. ಅದು ಔರಂಗಾಬಾದ್, ಗುಲ್ಬರ್ಗಾ ಮೊದಲಾದ ಊರುಗಳಿಗೂ ಹಬ್ಬಿತು. ನೂರಾರು ವಿದ್ಯಾರ್ಥಿಗಳನ್ನು ಹೊರಗೆ ಹಾಕಿದರು. ಅವರಲ್ಲಿ ಅನೇಕರಿಗೆ ನಾಗಪುರ ವಿಶ್ವವಿದ್ಯಾನಿಲಯ ಬಾಗಿಲು ತೆರೆಯಿತು. ಮುಂದೆ ಪ್ರಧಾನ ಮಂತ್ರಿಯಾದ ಪಿ.ವಿ. ನರಸಿಂಹರಾವ್ ಅವರೂ ಆ ಚಳವಳಿಯ ಹುಡುಗರಲ್ಲಿ ಒಬ್ಬರು. ಗದ್ವಾಲ ಸೀಮೆಯ ರಾಮಚಂದ್ರರಾವ್ ಎಂಬ ಆರ್ಯಸಮಾಜದ ತರುಣ ನಿಜಾಮರ ಜೈಲಿನಲ್ಲಿ ಪ್ರತಿ ಏಟಿಗೂ ಆ ಎರಡು ಮಾತುಗಳನ್ನೇ ಕೂಗಿದನೆಂದು ಜನ ಇಂದಿಗೂ ಹೇಳುತ್ತಾರೆ. ಆದ್ದರಿಂದಲೇ ಅವರಿಗೆ ವಂದೇಮಾತರಂ ರಾಮಚಂದ್ರರಾವ್ ಎಂದು ಹೆಸರಾಯಿತು.

ಈ ಕಥೆಯನ್ನು ಏಕೆ ಹೇಳುತ್ತೇವೆ? ಆ ಕಾಲದಲ್ಲಿ ಸರಕಾರದ ಕೈ ಒಂದು ಕಡೆಯವರಲ್ಲಿತ್ತು, ನೊಂದವರು ಇನ್ನೊಂದು ಕಡೆಯವರಾಗಿದ್ದರು. "ನೀನು ಇದನ್ನು ಹಾಡಕೂಡದು" ಎಂದು ಸರಕಾರ ಹುಡುಗನ ಬಾಯಿ ಮುಚ್ಚಲು ಹೋಯಿತು. ಹುಡುಗ ಓದನ್ನೇ ಬಿಟ್ಟು ಎದ್ದು ಹೋದ. ಅದೇ ಹಾಡಿನ ವಿಷಯವಾಗಿ ಇನ್ನೊಂದು ಮಾತೂ ಇದೆ. ಅದರ ಕೆಲವು ಚರಣಗಳಲ್ಲಿ ದೇವಿಯ ಸ್ತುತಿ ಇರುವುದರಿಂದ ಮುಸಲ್ಮಾನರಿಗೆ ಹಾಡಲು ಕಷ್ಟವಾಗುತ್ತದೆಂದು ತಿಳಿದು, ಕಾಂಗ್ರೆಸ್ ಕಾರ್ಯಕಾರಿ ಸಮಿತಿಯು ೧೯೩೭ರಲ್ಲಿಯೇ ಮೊದಲ ಎರಡು ಚರಣಗಳನ್ನು ಮಾತ್ರ ಸಭೆಗಳಲ್ಲಿ ಹಾಡಬೇಕೆಂದು ತೀರ್ಮಾನಿಸಿತ್ತು. ಬಾಯಿ ಮುಚ್ಚಿಸುವುದು ಹೇಗೆ ಅನ್ಯಾಯವೋ, ಬಾಯಿ ಬಿಡಿಸಿ ಹಾಡಿಸುವುದೂ ಹಾಗೆಯೇ ಅನ್ಯಾಯ. ಇಂದು ಬಹುಸಂಖ್ಯೆಯಲ್ಲಿರುವವರು ಅಂದು ಈ ನೋವನ್ನು ಉಂಡವರು. ಇಂದು ಅಲ್ಪಸಂಖ್ಯೆಯಲ್ಲಿರುವ ನಾವೂ, ನಮ್ಮ ಕೈಯಲ್ಲಿ ಒಂದು ಶಾಲೆ ಇರುವ ಕಡೆ ಬಹುಸಂಖ್ಯೆಯವರೇ ಆಗಿರುತ್ತೇವೆ. ಅಧಿಕಾರ ಯಾರ ಕೈಯಲ್ಲಿದ್ದರೂ ಮಗುವಿನ ಮನಸ್ಸಾಕ್ಷಿಯ ಮೇಲೆ ಕೈ ಹಾಕಬಾರದು. ೧೯೩೮ರಿಂದ ನಾವು ಕಲಿಯಬೇಕಾದ ಪಾಠ ಇದು.

ದೇಶ ಸ್ವತಂತ್ರವಾದ ಮೇಲೆ ಸಂವಿಧಾನ ಬರೆದ ಹಿರಿಯರು ಈ ಪ್ರಶ್ನೆಯನ್ನು ಸುಮ್ಮನೆ ಬಿಡಲಿಲ್ಲ. ೧೯೪೮ರ ಡಿಸೆಂಬರ್ ತಿಂಗಳಲ್ಲಿ ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆಯಿತು. ನಮ್ಮ ದೇಶದಲ್ಲಿ ಮತಗಳೂ ಪಂಗಡಗಳೂ ಲೆಕ್ಕವಿಲ್ಲದಷ್ಟು ಇವೆ, ಸರಕಾರಿ ಶಾಲೆಯಲ್ಲಿ ಎಲ್ಲದಕ್ಕೂ ಬೋಧನೆ ಏರ್ಪಡಿಸುವುದು ಆಗದ ಮಾತು, ಒಂದಕ್ಕೆ ಮಾತ್ರ ಏರ್ಪಡಿಸಿದರೆ ಅನ್ಯಾಯ ಎಂಬ ಅರ್ಥದಲ್ಲಿ ಡಾ. ಅಂಬೇಡ್ಕರರು ವಿವರಿಸಿದರು. ಕೊನೆಗೆ ಬಂದದ್ದೇ ೨೮ನೆಯ ವಿಧಿ. ಅದರ ಸಾರವನ್ನು ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕು.

ಮೊದಲನೆಯದು: ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಯಾವ ಮತದ ಬೋಧನೆಯನ್ನೂ ಮಾಡತಕ್ಕದ್ದಲ್ಲ. ಮಂಡಲ ಪರಿಷತ್ತಿನ ಶಾಲೆ, ಸರಕಾರಿ ಹೈಸ್ಕೂಲು ಇವೆಲ್ಲ ಇದರಲ್ಲಿ ಸೇರುತ್ತವೆ. ಎರಡನೆಯದು: ಯಾವುದಾದರೂ ದತ್ತಿಯ ಮೂಲಕ ಸ್ಥಾಪನೆಯಾಗಿ, ಮತಬೋಧನೆ ಮಾಡಬೇಕೆಂದು ಆ ದತ್ತಿಯಲ್ಲಿಯೇ ಬರೆದಿದ್ದರೆ, ಅಂಥ ಶಾಲೆಯ ಆಡಳಿತ ಸರಕಾರದ ಕೈಯಲ್ಲಿದ್ದರೂ ಅದಕ್ಕೆ ವಿನಾಯಿತಿ ಇದೆ. ಮೂರನೆಯದು: ಸರಕಾರದ ಮಾನ್ಯತೆ ಪಡೆದ ಅಥವಾ ಸಹಾಯಧನ ಪಡೆಯುವ ಶಾಲೆಯಲ್ಲಿ ಮತಬೋಧನೆಯೋ ಆರಾಧನೆಯೋ ನಡೆಯುತ್ತಿದ್ದರೆ, ಯಾವ ವಿದ್ಯಾರ್ಥಿಯನ್ನೂ ಅವನ ಒಪ್ಪಿಗೆಯಿಲ್ಲದೆ ಅದಕ್ಕೆ ಒತ್ತಾಯ ಮಾಡುವಂತಿಲ್ಲ. ವಿದ್ಯಾರ್ಥಿ ಚಿಕ್ಕವನಾದರೆ ತಂದೆತಾಯಿಗಳ ಅಥವಾ ಪೋಷಕರ ಒಪ್ಪಿಗೆ ಬೇಕು. ಈ ಮೂರನೆಯ ಮಾತು ಹಿಂದೂ ಟ್ರಸ್ಟಿನ ಶಾಲೆಗೂ ಸಲ್ಲುತ್ತದೆ, ಮುಸಲ್ಮಾನರ ಶಾಲೆಗೂ ಸಲ್ಲುತ್ತದೆ, ನಮ್ಮ ಮಿಶನ್ ಶಾಲೆಗೂ ಸಲ್ಲುತ್ತದೆ.

ಹಾಗಾದರೆ ಮತಬೋಧನೆ ಯಾವುದು, ಮತಗಳ ವಿಷಯದ ತಿಳಿವಳಿಕೆ ಯಾವುದು? ಪಾಠಪುಸ್ತಕದಲ್ಲಿ ಬುದ್ಧನ ಕಥೆ, ಬಸವಣ್ಣನವರ ಕಥೆ, ಯೇಸು ಸ್ವಾಮಿಯ ಕಥೆ, ಪ್ರವಾದಿ ಮಹಮ್ಮದರ ಕಥೆ ಬಂದರೆ ಅದು ತಿಳಿವಳಿಕೆ. ೨೦೦೨ರಲ್ಲಿ ಸುಪ್ರೀಂ ಕೋರ್ಟು ಪಠ್ಯಕ್ರಮದ ಮೊಕದ್ದಮೆಯೊಂದರಲ್ಲಿ ಮತಗಳ ವಿಷಯವಾಗಿ ಕಲಿಸುವುದಕ್ಕೆ ೨೮ನೆಯ ವಿಧಿ ಅಡ್ಡಿಯಲ್ಲ ಎಂದು ಹೇಳಿತು. ಆದ್ದರಿಂದ ನಮ್ಮ ಮಕ್ಕಳು ರಾಮಾಯಣದ ಪಾಠ ಓದಿದರೆಂದು ಗಾಬರಿಪಡುವುದು ಬೇಡ. ಪರೀಕ್ಷೆಯಲ್ಲಿ ಅದಕ್ಕೆ ಉತ್ತರ ಬರೆಯಲಿ, ಒಳ್ಳೆಯ ಅಂಕ ತರಲಿ. ಕಥೆ ತಿಳಿಯುವುದು ಬೇರೆ, ಆರತಿ ಹಿಡಿದು ನಿಲ್ಲಿಸುವುದು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎಲ್ಲದಕ್ಕೂ ಬೇಡವೆಂದರೆ ಮಗು ಓದಿನಲ್ಲಿಯೂ ಹಿಂದೆ ಬೀಳುತ್ತದೆ, ನೆರೆಯವರ ಪ್ರೀತಿಯನ್ನೂ ಕಳೆದುಕೊಳ್ಳುತ್ತದೆ.

ಇನ್ನು ಮಗುವಿನ ಮೌನದ ವಿಷಯ. ಇದಕ್ಕೆ ಕೇರಳದಲ್ಲಿ ನಡೆದ ಒಂದು ದೊಡ್ಡ ಉದಾಹರಣೆ ಇದೆ. ೧೯೮೫ರ ಜುಲೈ ತಿಂಗಳಲ್ಲಿ ಕಿಡಂಗೂರು ಎಂಬಲ್ಲಿ ಒಂದೇ ಮನೆಯ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದರು. ಅವರು ಯೆಹೋವನ ಸಾಕ್ಷಿಗಳು ಎಂಬ ಪಂಗಡಕ್ಕೆ ಸೇರಿದವರು. ರಾಷ್ಟ್ರಗೀತೆಯ ಹೊತ್ತಿನಲ್ಲಿ ಎಲ್ಲರಂತೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. ಮಕ್ಕಳು ನಡತೆಯಲ್ಲಿ ಒಳ್ಳೆಯವರೆಂದು ವಿಚಾರಣೆಯಲ್ಲಿಯೇ ತಿಳಿದಿತ್ತು. ಹೈಕೋರ್ಟಿನಲ್ಲಿ ಅವರಿಗೆ ಸೋಲಾಯಿತು. ಸುಪ್ರೀಂ ಕೋರ್ಟು ೧೯೮೬ರ ಆಗಸ್ಟ್ ೧೧ರಂದು ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ತೀರ್ಪು ಕೊಟ್ಟಿತು. ತೀರ್ಪು ಬರೆದವರು ಹಿಂದೆ ಆಂಧ್ರಪ್ರದೇಶದ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು. ರಾಷ್ಟ್ರಗೀತೆಯನ್ನು ಹಾಡಲೇಬೇಕೆಂಬ ಕಾನೂನು ಇಲ್ಲ, ಗೌರವದಿಂದ ಎದ್ದು ನಿಂತವನು ಅಗೌರವ ಮಾಡಿದವನಲ್ಲ, ಮನಸ್ಸಾಕ್ಷಿಯಿಂದ ಸುಮ್ಮನಿದ್ದ ಮಗುವನ್ನು ಶಿಕ್ಷಿಸುವುದು ಸಂವಿಧಾನಕ್ಕೆ ವಿರೋಧ ಎಂಬುದು ಅದರ ತಿರುಳು.

ಆ ಪಂಗಡದ ಬೋಧನೆಯನ್ನು ನಾವು ಒಪ್ಪುವುದಿಲ್ಲ. ನಮ್ಮ ಮಕ್ಕಳು ರಾಷ್ಟ್ರಗೀತೆಯನ್ನು ಗಟ್ಟಿಯಾಗಿ ಹಾಡಲಿ ಎಂಬುದೇ ನಮ್ಮ ಬುದ್ಧಿಮಾತು. ಪ್ರತಿಜ್ಞೆಯನ್ನೂ ಸಂತೋಷದಿಂದ ಹೇಳಲಿ. ದೇಶದ ಶಾಲೆಗಳಲ್ಲೆಲ್ಲ ಹೇಳುವ ಆ ಪ್ರತಿಜ್ಞೆಯನ್ನು ೧೯೬೨ರಲ್ಲಿ ತೆಲುಗಿನಲ್ಲಿ ಬರೆದವರು ನಲ್ಗೊಂಡ ಸೀಮೆಯವರಾದ ಪೈಡಿಮರ್ರಿ ವೆಂಕಟ ಸುಬ್ಬರಾವ್ ಅವರು. ಅವರು ಆಗ ವಿಶಾಖಪಟ್ಟಣದಲ್ಲಿ ಖಜಾನೆಯ ಅಧಿಕಾರಿಯಾಗಿದ್ದರು. ದೇಶವನ್ನು ಪ್ರೀತಿಸಬೇಕು, ಎಲ್ಲರನ್ನೂ ಒಡಹುಟ್ಟಿದವರಂತೆ ಕಾಣಬೇಕು, ಹಿರಿಯರನ್ನು ಗೌರವಿಸಬೇಕು ಎನ್ನುವುದರಲ್ಲಿ ಯಾವ ಕ್ರೈಸ್ತನಿಗೂ ಅಡ್ಡಿಯಿಲ್ಲ. ಆದರೂ ಕಿಡಂಗೂರಿನ ಆ ಮೂವರು ಮಕ್ಕಳು ನಮಗೂ ಉಪಕಾರ ಮಾಡಿದ್ದಾರೆ. ಗೌರವದ ಮೌನವು ಅಪರಾಧವಲ್ಲ ಎಂಬುದನ್ನು ಅವರು ಎಲ್ಲರ ಮಕ್ಕಳಿಗಾಗಿ ಗಳಿಸಿಕೊಟ್ಟರು.

ಇದರಿಂದ ಎಲ್ಲ ಪ್ರಶ್ನೆಯೂ ತೀರಿತೆಂದು ಹೇಳಲಾಗದು. ಕೇಂದ್ರೀಯ ವಿದ್ಯಾಲಯಗಳ ಬೆಳಗಿನ ಸಂಸ್ಕೃತ ಪ್ರಾರ್ಥನೆಯು ಮತಬೋಧನೆಯಾಗುತ್ತದೆಯೇ ಎಂಬ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ೨೦೧೯ರ ಜನವರಿಯಲ್ಲಿ ದೊಡ್ಡ ಪೀಠಕ್ಕೆ ಒಪ್ಪಿಸಿದರು. ಕರ್ನಾಟಕದಲ್ಲಿ ೨೦೨೨ರಲ್ಲಿ ಹೆಣ್ಣುಮಕ್ಕಳ ಹಿಜಾಬಿನ ವಿವಾದ ಎದ್ದಿತು. ಮಾರ್ಚ್ ೧೫ರಂದು ಹೈಕೋರ್ಟು ಸರಕಾರದ ಆಜ್ಞೆಯನ್ನು ಎತ್ತಿಹಿಡಿಯಿತು. ಅಕ್ಟೋಬರ್ ೧೩ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬರಿಗೊಬ್ಬರು ಭಿನ್ನವಾದ ತೀರ್ಪು ಕೊಟ್ಟರು. ದೊಡ್ಡ ನ್ಯಾಯಮೂರ್ತಿಗಳಿಗೇ ಒಮ್ಮತವಾಗದ ವಿಷಯದಲ್ಲಿ ನಾವು ಬೀದಿಯಲ್ಲಿ ನಿಂತು ತೀರ್ಪು ಕೊಡಬೇಕೇ? ಆ ಗಲಾಟೆಯಲ್ಲಿ ಎಷ್ಟು ಹೆಣ್ಣುಮಕ್ಕಳ ಪರೀಕ್ಷೆ ಕೆಟ್ಟಿತು ಎಂಬುದೇ ಕೂಲಿಯವರಾದ ನಮ್ಮ ಎದೆಗೆ ತಾಗಬೇಕಾದ ಮಾತು.

ತೆಲಂಗಾಣದಲ್ಲಿಯೇ ೨೦೨೪ರ ಏಪ್ರಿಲ್ ತಿಂಗಳಲ್ಲಿ ಮಂಚಿರ್ಯಾಲ ಜಿಲ್ಲೆಯ ಒಂದು ಕ್ರೈಸ್ತ ಶಾಲೆಯಲ್ಲಿ ಅಹಿತವಾದ ಘಟನೆ ನಡೆಯಿತು. ಕೆಲವು ಮಕ್ಕಳು ಹನುಮಾನ್ ದೀಕ್ಷೆಯ ಕೇಸರಿ ಬಟ್ಟೆಯಲ್ಲಿ ಶಾಲೆಗೆ ಬಂದಾಗ ಮುಖ್ಯಸ್ಥರು ಆ ವಿಷಯವನ್ನು ಮಾತಾಡಲು ತಂದೆತಾಯಿಗಳನ್ನು ಕರೆತರಲು ಹೇಳಿದರು. ಮಾತು ಬೇರೆ ರೂಪದಲ್ಲಿ ಹಬ್ಬಿತು. ಗುಂಪು ಬಂದು ಶಾಲೆಯ ಮೇಲೆ ಬಿದ್ದು ಒಡೆದು ಹಾಕಿತು. ಗುಂಪು ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ಇನ್ನೊಂದನ್ನೂ ಯೋಚಿಸಬೇಕು. ವ್ರತ ಹಿಡಿದ ಮಗುವಿನ ಬಟ್ಟೆ ನಮ್ಮ ಶಾಲೆಯಲ್ಲಿ ಪ್ರಶ್ನೆಯಾದರೆ, ಶಿಲುಬೆ ಧರಿಸಿದ ನಮ್ಮ ಮಗುವಿನ ಕೊರಳು ಇನ್ನೊಂದು ಶಾಲೆಯಲ್ಲಿ ಪ್ರಶ್ನೆಯಾಗುತ್ತದೆ. ನಿಯಮ ಬೇಕಾದರೆ ಎಲ್ಲರಿಗೂ ಒಂದೇ ಇರಲಿ. ವರ್ಷದ ಮೊದಲಲ್ಲಿಯೇ ತಂದೆತಾಯಿಗಳನ್ನು ಕೂರಿಸಿಕೊಂಡು ಅದನ್ನು ತಿಳಿಸಿರಲಿ.

ಹೊರಗಿನ ದೇಶಗಳಲ್ಲಿಯೂ ಇದು ಹಳೆಯ ಪ್ರಶ್ನೆಯೇ. ಇಂಗ್ಲೆಂಡಿನಲ್ಲಿ ೧೯೪೪ರ ಕಾನೂನು ಶಾಲೆಯಲ್ಲಿ ದಿನವೂ ಆರಾಧನೆ ಇರಬೇಕೆಂದಿತು. ಆದರೆ ಬೇಡವೆಂದ ತಂದೆತಾಯಿಗಳು ಮಗುವನ್ನು ಅದರಿಂದ ಬಿಡಿಸಿಕೊಳ್ಳಬಹುದೆಂದೂ ಹೇಳಿತು. ಅಮೆರಿಕದಲ್ಲಿ ನ್ಯೂಯಾರ್ಕಿನ ಅಧಿಕಾರಿಗಳು ರಚಿಸಿದ ಒಂದು ಚಿಕ್ಕ ಪ್ರಾರ್ಥನೆಯನ್ನು ಶಾಲೆಗಳಲ್ಲಿ ಹೇಳಿಸುತ್ತಿದ್ದರು. ೧೯೬೨ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಪ್ರಾರ್ಥನೆ ಬರೆದು ಹೇಳಿಸುವುದು ಸರಕಾರದ ಕೆಲಸವಲ್ಲ ಎಂದಿತು. ಗಮನಿಸಿರಿ, ಅದು ಕ್ರೈಸ್ತರೇ ಹೆಚ್ಚಾಗಿರುವ ದೇಶ. ಮಗು ತನ್ನಷ್ಟಕ್ಕೆ ಪ್ರಾರ್ಥಿಸುವುದನ್ನು ಆ ತೀರ್ಪು ತಡೆಯಲಿಲ್ಲ. ೨೦೨೨ರಲ್ಲಿ ಅದೇ ಕೋರ್ಟು, ಆಟ ಮುಗಿದ ಮೇಲೆ ಮೈದಾನದಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಒಬ್ಬ ಶಾಲಾ ತರಬೇತಿದಾರನ ಪರವಾಗಿ ತೀರ್ಪು ಕೊಟ್ಟಿತು. ಫ್ರಾನ್ಸ್ ದೇಶವಾದರೋ ೨೦೦೪ರಲ್ಲಿ ಎದ್ದು ಕಾಣುವ ಮತಚಿಹ್ನೆಗಳನ್ನೇ ಸರಕಾರಿ ಶಾಲೆಗಳಲ್ಲಿ ನಿಷೇಧಿಸಿತು. ನಮ್ಮ ದೇಶ ಹಿಡಿದ ದಾರಿ ಬೇರೆ. ಎಲ್ಲರ ಗುರುತೂ ಇರಲಿ, ಯಾರ ಒತ್ತಾಯವೂ ಬೇಡ. ಈ ದಾರಿಯೇ ನಮ್ಮ ಹಳ್ಳಿಯ ಬಾಳಿಗೆ ಹೊಂದುತ್ತದೆ.

ಇನ್ನು ದೇವರ ವಾಕ್ಯ ನಮಗೆ ಏನು ಕಲಿಸುತ್ತದೆ? ದಾನಿಯೇಲನ ಗ್ರಂಥದ ಮೊದಲ ಅಧ್ಯಾಯವನ್ನು ಈ ದೃಷ್ಟಿಯಿಂದ ಓದಿರಿ. ದಾನಿಯೇಲನೂ ಅವನ ಮೂವರು ಸ್ನೇಹಿತರೂ ಊರು ಬಿಟ್ಟು ಪರದೇಶಕ್ಕೆ ಹೋದ ಹುಡುಗರು. ಅರಸನ ಖರ್ಚಿನಲ್ಲಿ ಓದಿದವರು, ಅಂದರೆ ಸರಕಾರಿ ಶಾಲೆಯ ಮಕ್ಕಳು ಎಂದೇ ಹೇಳಬಹುದು. ಕಸ್ದೀಯರ ಭಾಷೆಯನ್ನು ಕಲಿತರು, ಅವರ ಶಾಸ್ತ್ರಗಳನ್ನು ಕಲಿತರು, ಹೊಸ ಹೆಸರುಗಳನ್ನೂ ಇಡಿಸಿಕೊಂಡರು. ಇದಕ್ಕೆಲ್ಲ ಅವರು ತಕರಾರು ಮಾಡಲಿಲ್ಲ. ಅರಸನ ಊಟದ ವಿಷಯದಲ್ಲಿ ಮಾತ್ರ ಅವರ ಮನಸ್ಸಾಕ್ಷಿ ಒಪ್ಪಲಿಲ್ಲ. ಆಗ ದಾನಿಯೇಲನು ಏನು ಮಾಡಿದನು? ತಟ್ಟೆಯನ್ನು ಎಸೆಯಲಿಲ್ಲ, ಕೂಗಾಡಲಿಲ್ಲ. ಮೇಲ್ವಿಚಾರಕನ ಬಳಿ ವಿನಯದಿಂದ ಬೇಡಿಕೊಂಡನು. ಹತ್ತು ದಿನ ಕಾಯಿಪಲ್ಯವನ್ನೂ ನೀರನ್ನೂ ಕೊಟ್ಟು ನೋಡು ಎಂದು ಒಂದು ದಾರಿಯನ್ನೂ ತೋರಿಸಿದನು. ಅಧಿಕಾರಿಯ ಕಷ್ಟವನ್ನೂ ಅರ್ಥ ಮಾಡಿಕೊಂಡು ಕೇಳಿದನು. ಕಲಿಯಬಹುದಾದದ್ದನ್ನೆಲ್ಲ ಕಲಿ, ಬಿಡಬೇಕಾದದ್ದನ್ನು ಬಿಡು, ಬಿಡುವಾಗ ಮರ್ಯಾದೆಯಿಂದ ಬಿಡು. ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸು ಸ್ವಾಮಿಯವರು ಪ್ರಾರ್ಥನೆಯ ವಿಷಯವಾಗಿ ಕಲಿಸಿದ್ದನ್ನೂ ನೆನೆಯಿರಿ. ಜನರ ಕಣ್ಣಿಗೆ ಬೀಳಬೇಕೆಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರನ್ನು ಅವರು ಮೆಚ್ಚಲಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾಡಿದ ಪ್ರಾರ್ಥನೆಯನ್ನು ತಂದೆಯಾದ ದೇವರು ಕಾಣುತ್ತಾರೆಂದರು. ಲೈನು ಮನೆಯಲ್ಲಿ ಬೇರೆ ಕೋಣೆಯೇ ಇರುವುದಿಲ್ಲ, ಒಂದೇ ಕೋಣೆಯಲ್ಲಿ ಅಡಿಗೆ, ನಿದ್ದೆ, ಓದು ಎಲ್ಲ. ಆದರೂ ಮಗುವಿನ ಹೃದಯವೇ ಆ ಕೋಣೆ. ಶಾಲೆಯ ಸಾಲಿನಲ್ಲಿ ನಿಂತು ತುಟಿ ಅಲುಗಿಸದೆ ಮಾಡಿದ ಪ್ರಾರ್ಥನೆ ದೇವರಿಗೆ ಕೇಳಿಸದೆ? ಅದನ್ನು ತಡೆಯುವ ಮೇಷ್ಟ್ರು ಯಾವ ಶಾಲೆಯಲ್ಲಿಯೂ ಇಲ್ಲ.

ಈಗ ನಮ್ಮ ಕಡೆಗೆ ಕನ್ನಡಿ ಹಿಡಿದುಕೊಳ್ಳೋಣ. ಮಹಬೂಬನಗರ, ಗದ್ವಾಲ ಸೀಮೆಯಲ್ಲಿ ಮೆನ್ನೊನೈಟ್ ಬ್ರದರನ್ ಮಿಶನ್ನಿನವರೂ, ರಾಯಚೂರು, ಯಾದಗಿರಿ, ಬೀದರ ಕಡೆ ಮೆಥೊಡಿಸ್ಟ್ ಮಿಶನ್ನಿನವರೂ ಕೆಲಸ ಮಾಡಿದರು. ಊರ ಹೊರಗೆ ಇರಿಸಲ್ಪಟ್ಟ ಜನರ ಮಕ್ಕಳ ಕೈಗೆ ಹಲಗೆ ಬಳಪ ಕೊಟ್ಟವರು ಇಂಥ ಮಿಶನ್ನಿನವರು. ಆ ಉಪಕಾರವನ್ನು ನಾವು ಮರೆಯಲಾರೆವು. ಆದರೆ ಮಿಶನ್ ಶಾಲೆಗಳಲ್ಲಿ ಬೈಬಲ್ ತರಗತಿಗೆ ಎಲ್ಲ ಮಕ್ಕಳೂ ಕೂಡಲೇಬೇಕೇ ಎಂಬ ಪ್ರಶ್ನೆ ಸ್ವಾತಂತ್ರ್ಯಕ್ಕೆ ಮೊದಲೇ ಈ ದೇಶದಲ್ಲಿ ಎದ್ದಿತ್ತು. ೨೦೨೨ರಲ್ಲಿ ಬೆಂಗಳೂರಿನ ಒಂದು ಕ್ರೈಸ್ತ ಶಾಲೆಯ ಪ್ರವೇಶಪತ್ರದಲ್ಲಿ ಬೈಬಲಿನ ವಿಷಯವಾಗಿ ತಂದೆತಾಯಿಗಳಿಂದ ಒಪ್ಪಿಗೆ ಬರೆಸಿಕೊಂಡದ್ದೂ ಚರ್ಚೆಗೆ ಬಂತು. ಸಂವಿಧಾನದ ೩೦ನೆಯ ವಿಧಿ ನಮಗೆ ಶಾಲೆ ನಡೆಸುವ ಹಕ್ಕು ಕೊಟ್ಟಿದೆ. ಆ ಹಕ್ಕಿನ ಪಕ್ಕದಲ್ಲಿಯೇ ೨೮ನೆಯ ವಿಧಿಯ ಕರ್ತವ್ಯವೂ ಇದೆ. ಒಪ್ಪಿಗೆ ಎಂದರೆ ಮನಸ್ಸಿನ ಒಪ್ಪಿಗೆ. ಬೇರೆ ಶಾಲೆ ಸಿಗದೆ ಬಂದ ಬಡ ತಾಯಿ ಹಾಕಿದ ಹೆಬ್ಬೆಟ್ಟನ್ನು ಒಪ್ಪಿಗೆ ಎನ್ನಬಹುದೇ? ನಮ್ಮ ಮಗುವಿಗೆ ಇತರರು ಹೇಗೆ ಮಾಡಬೇಕೆಂದು ಬಯಸುತ್ತೇವೋ, ಇತರರ ಮಗುವಿಗೆ ನಾವು ಹಾಗೆ ಮಾಡಬೇಕು. ಸರಕಾರಿ ಶಾಲೆಯಲ್ಲಿ ಕೆಲಸ ಮಾಡುವ ನಮ್ಮ ಸಭೆಯ ಶಿಕ್ಷಕ ಶಿಕ್ಷಕಿಯರಿಗೂ ಇದೇ ಮಾತು. ತರಗತಿಯು ಬೋಧಕಪೀಠವಲ್ಲ. ನಿಮ್ಮ ಪ್ರೀತಿ, ನಿಮ್ಮ ಸಮಯಪಾಲನೆ, ಹೊಡೆಯದ ನಿಮ್ಮ ಕೈ, ಇವೇ ಅಲ್ಲಿ ನಿಮ್ಮ ಸಾಕ್ಷಿಯಾಗಲಿ.

ಇನ್ನೊಂದು ಕಷ್ಟದ ವಿಷಯವನ್ನು ಮುಚ್ಚಿಡದೆ ಹೇಳಬೇಕು. ನಮ್ಮಲ್ಲಿ ಬಹಳ ಮಂದಿ ದಲಿತ ಕುಟುಂಬಗಳಿಂದ ಬಂದವರು. ೧೯೫೦ರ ಪರಿಶಿಷ್ಟ ಜಾತಿಗಳ ಆಜ್ಞೆಯ ಪ್ರಕಾರ ಹಿಂದೂಗಳಿಗೂ, ೧೯೫೬ರಿಂದ ಸಿಖ್ಖರಿಗೂ, ೧೯೯೦ರಿಂದ ಬೌದ್ಧರಿಗೂ ಮಾತ್ರ ಆ ಪಟ್ಟಿಯಲ್ಲಿ ಸ್ಥಾನ ಉಂಟು; ಕ್ರೈಸ್ತರಾದವರಿಗೆ ಇಲ್ಲ. ತೆಲಂಗಾಣದಲ್ಲಿ ಅವರನ್ನು ಹಿಂದುಳಿದ ವರ್ಗಗಳ 'ಸಿ' ಗುಂಪಿನಲ್ಲಿ ಇರಿಸಿದ್ದಾರೆ. ಅದಕ್ಕೆ ಮೀಸಲು ನೂರಕ್ಕೆ ಒಂದು ಮಾತ್ರ. ಆದ್ದರಿಂದ ಶಾಲೆಯ ರಿಜಿಸ್ಟರಿನಲ್ಲಿ ಒಂದು ಮತ, ಭಾನುವಾರ ಇನ್ನೊಂದು ಮತ ಎಂಬಂತೆ ಬಾಳುವ ಕುಟುಂಬಗಳು ಇವೆ. ಅವರು ಹೆದರಿ ಬಾಯಿ ಬಿಡುವುದಿಲ್ಲ. ಮಗು ಪೂಜೆಗೆ ನಿಲ್ಲದಿದ್ದರೆ ಗುಟ್ಟು ಬಯಲಾದೀತು, ವಿದ್ಯಾರ್ಥಿವೇತನ ಹೋದೀತು ಎಂಬ ಭಯ. ಹಸಿವಿನಿಂದ ಹುಟ್ಟಿದ ಈ ಭಯವನ್ನು ಹೊಟ್ಟೆ ತುಂಬಿದವರು ಹಂಗಿಸುವುದು ಬೇಡ. ಆದರೆ ಮಗುವಿನ ಮೇಲೆ ಬೀಳುವ ಭಾರವನ್ನು ನೋಡಿರಿ: ಹತ್ತು ವರ್ಷದ ಕೂಸು ಎರಡು ಹೆಸರು ಹೊತ್ತು ನಡೆಯಬೇಕಾಗಿದೆ. ಮತ ಬದಲಾದರೂ ಬಡತನ ಬದಲಾಗಲಿಲ್ಲ, ಊರವರು ನೋಡುವ ನೋಟವೂ ಬದಲಾಗಲಿಲ್ಲ ಎಂಬುದನ್ನು ಸರಕಾರದ ಮುಂದೆ ಒಟ್ಟಾಗಿ ಹೇಳಬೇಕು. ಅದು ಸಭೆಗಳೂ ಸಂಘಗಳೂ ಹೊರಬೇಕಾದ ಹೊರೆ, ಮಕ್ಕಳು ಹೊರಬೇಕಾದ ಹೊರೆಯಲ್ಲ.

ಹಾಗಾದರೆ ತಂದೆತಾಯಿಗಳು ಏನು ಮಾಡಬೇಕು? ಕೆಲವು ಮಾತುಗಳನ್ನು ಹೇಳುತ್ತೇವೆ.

ಒಂದು. ಶಾಲೆಯ ಪ್ರಾರ್ಥನೆಯಲ್ಲಿ ಏನು ಹೇಳಿಸುತ್ತಾರೆಂದು ಮಗುವಿನಿಂದ ಕೇಳಿ ತಿಳಿಯಿರಿ. ನಾಡಿನ ಹಾಡು, ದೇಶದ ಹಾಡು, ಪ್ರತಿಜ್ಞೆ, ನೀತಿಯ ಹಾಡು ಇದ್ದರೆ ಮಗು ಎಲ್ಲರ ಜೊತೆ ಹೇಳಲಿ. ಆರಾಧನೆಯ ಮಾತಿದ್ದರೆ ಎದ್ದು ಮರ್ಯಾದೆಯಿಂದ ಸುಮ್ಮನೆ ನಿಲ್ಲಲು ಕಲಿಸಿರಿ. ನಗುವುದು, ಮುಖ ತಿರುಗಿಸುವುದು, ಅಣಕಿಸುವುದು ಖಂಡಿತ ಬೇಡ.

ಎರಡು. ಮಗುವನ್ನು ಒತ್ತಾಯ ಮಾಡಿದರೆಂದು ತಿಳಿದರೆ ಒಬ್ಬರೇ ಸಿಟ್ಟಿನಿಂದ ಹೋಗಬೇಡಿರಿ. ತಾಯಿಯೂ ತಂದೆಯೂ ಕೂಡಿ, ಬೇಕಾದರೆ ಊರಿನ ಒಬ್ಬ ಹಿರಿಯರನ್ನು ಕರೆದುಕೊಂಡು, ಮುಖ್ಯೋಪಾಧ್ಯಾಯರನ್ನು ಕಾಣಿರಿ. ಆ ಹಿರಿಯರು ಬೇರೆ ಮತದವರಾದರೆ ಇನ್ನೂ ಒಳ್ಳೆಯದು. ಬಾಯಿಮಾತಿನಲ್ಲಿ ತೀರದಿದ್ದರೆ ಒಂದು ಕಾಗದ ಬರೆದು ಕೊಡಿರಿ, ಪ್ರತಿಯನ್ನು ಇಟ್ಟುಕೊಳ್ಳಿರಿ. ಎಷ್ಟೋ ಸಲ ಶಿಕ್ಷಕರು ರೂಢಿಯಿಂದ ಮಾಡಿಸುತ್ತಾರೆಯೇ ಹೊರತು ದ್ವೇಷದಿಂದಲ್ಲ. ತಿಳಿಸಿದರೆ ತಿಳಿದುಕೊಳ್ಳುತ್ತಾರೆ.

ಮೂರು. ೨೦೦೯ರ ಶಿಕ್ಷಣ ಹಕ್ಕಿನ ಕಾಯ್ದೆಯನ್ನು ತಿಳಿದಿರಿ. ಮಗುವಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ಅದು ನಿಷೇಧಿಸುತ್ತದೆ. ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂದು ಸರಕಾರಿ ಶಾಲೆಯವರು ಮಗುವನ್ನು ಸೇರಿಸಿಕೊಳ್ಳಲು ತಡಮಾಡುವಂತಿಲ್ಲ. ಊರೂರು ಅಲೆಯುವ ನಮಗೆ ಈ ಮಾತು ಚಿನ್ನದಂಥದ್ದು.

ನಾಲ್ಕು. ಅದೇ ಕಾಯ್ದೆಯ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಆ ಸಭೆಗೆ ನಾವು ಹೋಗುವುದಿಲ್ಲ, ಕೂಲಿ ತಪ್ಪುತ್ತದೆಂದು ಬಿಡುತ್ತೇವೆ. ಆಮೇಲೆ ನಮ್ಮನ್ನು ಕೇಳಲಿಲ್ಲವೆಂದು ಕೊರಗುತ್ತೇವೆ. ಒಬ್ಬ ತಾಯಿಯಾದರೂ ಹೋಗಿ ಕೂತುಕೊಳ್ಳಲಿ. ಪ್ರಾರ್ಥನೆಯ ಮಾತನ್ನು ಆಮೇಲೆ ಆಡಿದರಾಯಿತು. ಮೊದಲು ಕಕ್ಕಸು, ಕುಡಿಯುವ ನೀರು, ಮಧ್ಯಾಹ್ನದ ಊಟ, ಬಾರದ ಮೇಷ್ಟ್ರು ಇವುಗಳ ಮಾತನ್ನು ಎಲ್ಲ ಮತದವರೊಂದಿಗೆ ಸೇರಿ ಆಡಲಿ. ಹೀಗೆ ಒಟ್ಟಿಗೆ ದುಡಿದವರ ಮಾತಿಗೆ ಬೆಲೆ ಬರುತ್ತದೆ.

ಐದು. ಮನೆಯಲ್ಲಿ ಪ್ರಾರ್ಥನೆ ಇಲ್ಲದೆ ಶಾಲೆಯ ಪ್ರಾರ್ಥನೆಯ ವಿಷಯವಾಗಿ ಜಗಳಾಡುವುದರಲ್ಲಿ ಅರ್ಥವಿಲ್ಲ. ರಾತ್ರಿ ಊಟಕ್ಕೆ ಮೊದಲು ಐದು ನಿಮಿಷ ಕ್ರಿಸ್ತನ ಹೆಸರಿನಲ್ಲಿ ಕೂಡಿ ಕೂರಿರಿ. ಮೊಬೈಲನ್ನು ಬದಿಗೆ ಇಡಿರಿ. ಅಲ್ಲಿ ಬೇರು ಬಿಟ್ಟ ಮಗುವನ್ನು ಯಾವ ಗಾಳಿಯೂ ಕೀಳಲಾರದು.

ಕಡೆಯದಾಗಿ ಒಂದು ಮಾತು. ಗದ್ವಾಲ ಸೀಮೆಯಲ್ಲಿ ಹತ್ತಿಬೀಜದ ಹೊಲಗಳಿಗೆ ಮಕ್ಕಳನ್ನು ಕೂಲಿಗೆ ಕಳುಹಿಸಿದ ಕಥೆ ಎಲ್ಲರಿಗೂ ಗೊತ್ತಿದೆ. ಹೂವಿನ ಕಾಲದಲ್ಲಿ ಚಿಕ್ಕ ಬೆರಳುಗಳು ಬೇಕೆಂದು ಶಾಲೆ ಬಿಡಿಸಿದರು. ಬೆಳಗಿನ ಪ್ರಾರ್ಥನೆಗೆ ಮಗು ಹೇಗೆ ನಿಲ್ಲಬೇಕೆಂದು ಚರ್ಚಿಸುವ ನಾವೆಲ್ಲರೂ, ಆ ಸಾಲಿನಲ್ಲಿ ನಿಲ್ಲಲು ಮಗುವೇ ಬಾರದಿರುವುದನ್ನು ಮೊದಲು ನೋಡಬೇಕಲ್ಲವೇ? ಶಾಲೆಯ ಸಾಲಿನಲ್ಲಿ ಖಾಲಿ ಉಳಿದ ಜಾಗ ದೇವರ ಮುಂದೆ ನಮ್ಮೆಲ್ಲರ ಮೇಲಿನ ದೂರು. ಹಿಂದೂ ಮೇಷ್ಟ್ರು, ಮುಸಲ್ಮಾನ ಮೇಸ್ತ್ರಿ, ಕ್ರೈಸ್ತ ಪಾದ್ರಿ ಮೂವರೂ ಸೇರಿ ಆ ಮಗುವನ್ನು ಹೊಲದಿಂದ ಶಾಲೆಗೆ ಕರೆತಂದರೆ, ಆ ದಿನ ಶಾಲೆಯ ಅಂಗಳದಲ್ಲಿ ನಡೆದದ್ದೇ ನಿಜವಾದ ಪ್ರಾರ್ಥನೆ.

ಶಾಂತಿಯ ದೇವರು ನಿಮ್ಮ ಮನೆಗಳನ್ನೂ ನಿಮ್ಮ ಮಕ್ಕಳು ಓದುವ ಶಾಲೆಗಳನ್ನೂ ಆಶೀರ್ವದಿಸಲಿ.